ಬಿಳಿ ಬೋರ್ಡು

ಅವತ್ತು ನನ್ನ ತಂಗಿ ಕಲ್ಯಾಣದುರ್ಗದಿಂದ ಫೋನ್ ಮಾಡಿ, "ಅಕ್ಕ, ನಮ್ಮತ್ತೆ ಕೇಳ್ತಾವ್ರೆ, ನಿಶ್ಚಿತಾರ್ಥಕ್ಕೆ ನೀನು ಬಸ್ಸಲ್ಲೇ ಬತ್ತೀಯಾ ಅಂತ" ಅಂದಳು.

ಆ 'ಬಸ್ಸಲ್ಲೇ' ಅನ್ನುವುದರ ಕೊನೆಯ 'ಏ' ನನ್ನ ಕಿವಿಗೆ ಮುಳ್ಳಿನ ಹಾಗೆ ಚುಚ್ಚಿತು. ಮುಂದೆ ಅವಳು ಏನೋ ಹೇಳಲು ಹೊರಟಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ. "ಇಲ್ಲ ಅಂತ ಹೇಳು ನಿಮ್ಮತ್ತೇಗೆ. ಕಾರಲ್ಲಿ ಬತ್ತೀನಿ" ಅಂದು ಫೋನ್ ಇಟ್ಟುಬಿಟ್ಟೆ. ನನ್ನ ಸಿಟ್ಟು ಯಾವಾಗಲೂ ಹಾಗೆಯೇ, ಪೂರ್ತಿ ಮಾತು ಕೇಳುವಷ್ಟು ತಾಳ್ಮೆ ಅದಕ್ಕಿಲ್ಲ.

ನಮ್ಮದು ಆಂಧ್ರದ ಗಡಿಯ ಹಿಂದೂಪುರದಲ್ಲಿ ನೇಯ್ಗೆಯವರ ಮನೆ. ಅಪ್ಪನ ಮಗ್ಗ ಅಪ್ಪನ ಜೊತೆಗೇ ನಿಂತಿತು. ನಾನು ಸೀರೆಗೆ ಕುಚ್ಚು ಕಟ್ಟುತ್ತೇನೆ, ರವಿಕೆ ಹೊಲಿಯುತ್ತೇನೆ. ತಂಗಿಯನ್ನು ಕೊಟ್ಟಿದ್ದು ಕಡಲೆಕಾಯಿ ವ್ಯಾಪಾರದವರ ಮನೆಗೆ. ದೊಡ್ಡ ಅಂಗಳ, ಮುಂದೆ ಜಗುಲಿ, ಸದಾ ಜನ. ನಾವು ಇಬ್ಬರೂ ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಅಪ್ಪ ಹೋದಾಗ ಕೊಳ್ಳಿ ಇಡಲು ಯಾರು ಅಂತ ಕೇರಿಯವರೆಲ್ಲ ಪಿಸುಗುಟ್ಟುತ್ತಿರುವಾಗ, ತಂಗಿಯ ಅತ್ತೆ ತಮ್ಮ ಮಗನನ್ನೇ ಮುಂದೆ ಬಿಟ್ಟು, "ಹೋಗಪ್ಪ, ನೀನೇ ಮಗ ಈಗ" ಅಂದಿದ್ದರು. ಎಲ್ಲರೂ ಅವರಿಗೆ ಕೈಯೆತ್ತಿ ಮುಗಿದರು. ನನಗೆ ಮಾತ್ರ ಅವತ್ತಿನಿಂದ ಅವರ ಮುಂದೆ ತಲೆ ಎತ್ತಲು ಕಷ್ಟವಾಯಿತು. ಉಪಕಾರ ಮಾಡಿದವರ ಮೇಲೆ ಸಿಟ್ಟು ಬರುವ ಜಾತಿ ನಾನು. ಅವರು ಎಂದೂ ಎತ್ತಿ ಆಡಲಿಲ್ಲ. ಆಡದಿದ್ದರೂ ಆಡಿದ ಹಾಗೆಯೇ ನನಗೆ ಕೇಳಿಸುತ್ತಿತ್ತು.

ಹಾಗಾಗಿ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ತವರಿನ ತಟ್ಟೆಗಳನ್ನು ನಾನು ಕಾರಿನಲ್ಲೇ ಒಯ್ಯಬೇಕಿತ್ತು. ಆ ಮನೆಯಲ್ಲಿ ತಂಗಿಯ ತಲೆ ಮೇಲಿರಬೇಕು, ಅಷ್ಟೇ. ಡ್ರೈವಿಂಗ್ ನಾನು ಕಲಿತಿದ್ದೆ, ಲೈಸೆನ್ಸೂ ಇತ್ತು. ಇಲ್ಲದ್ದು ಕಾರು ಮಾತ್ರ.

ಮೊದಲು ಹೋಗಿದ್ದು ಊರಿನಲ್ಲಿ ಕಾರು ಬಾಡಿಗೆಗೆ ಕೊಡುವ ಒಂದು ಕಚೇರಿಗೆ. ಅಲ್ಲಿದ್ದ ಕನ್ನಡಕದ ಮನುಷ್ಯ ಕೂರಿಸಿ, ನೀರು ಕೊಟ್ಟು, "ಇನ್ಶೂರೆನ್ಸ್ ಇಷಯ ಚೂರು ಕೇಳ್ಕಳಿ ಅಮ್ಮ" ಅಂತ ಶುರು ಮಾಡಿದ. ನೀವು ಬೇರೆಯವರಿಗೆ ಗುದ್ದಿದರೆ ಅದೊಂದು ಬಗೆ, ನಮ್ಮ ಗಾಡಿಗೇ ಏಟು ಬಿದ್ದರೆ ಅದು ಇನ್ನೊಂದು ಬಗೆ. ನಷ್ಟದಲ್ಲಿ ಮೊದಲ ಒಂದಿಷ್ಟು ನಿಮ್ಮ ಪಾಲು, ಮಿಕ್ಕಿದ್ದು ಕಂಪನಿಯದು. ಟೈರು ಬರೋದಿಲ್ಲ, ಕೀ ಕಳೆದರೆ ಬರೋದಿಲ್ಲ, ಬೇರೆ ಯಾರ ಕೈಗಾದರೂ ಸ್ಟೇರಿಂಗ್ ಕೊಟ್ಟರೆ ಏನೂ ಬರೋದಿಲ್ಲ. ಅವನು ಬೆರಳು ಮಡಚುತ್ತಾ ಹೋದ. ನನ್ನ ತಲೆ ಗಿರ್ರಂದಿತು.

"ಪೂರ್ತಿ ಕವರ್ ಆಯ್ತದಾ ಇಲ್ವಾ? ಒಂದೇ ಮಾತ್ನಾಗೆ ಹೇಳಪ್ಪ" ಅಂದೆ.

"ಒಂದೇ ಮಾತ್ನಾಗೆ ಹೇಳೋಕಾಗಲ್ಲ ಕಣಮ್ಮ. ಹೇಳಿದ್ರೆ ಅದು ಸುಳ್ಳಾಗ್ತದೆ."

ಇಷ್ಟು ನೇರ ಮಾತು ನನಗೆ ಹಿಡಿಸಲಿಲ್ಲ. ಆದರೂ ತೆಗೆದುಕೊಳ್ಳುತ್ತಿದ್ದೆನೇನೋ. ಹೊರಗೆ ಬಂದು ಕಾರು ನೋಡಿದರೆ ನಂಬರ್ ಬೋರ್ಡು ಕಪ್ಪು, ಮೇಲೆ ಹಳದಿ ಅಕ್ಷರ. ನಾವೇ ಓಡಿಸುವ ಬಾಡಿಗೆ ಕಾರಿಗೆಲ್ಲ ಅದೇ ಬಣ್ಣವಂತೆ. ಟ್ಯಾಕ್ಸಿಯಾದರೆ ಹಳದಿ ಬೋರ್ಡು. ಇದನ್ನು ತಂಗಿಯ ಮನೆಯ ಮುಂದೆ ನಿಲ್ಲಿಸಿದರೆ ಬಾಡಿಗೆಗೆ ತಂದಿದ್ದೇನೆಂದು ಡಂಗುರ ಸಾರಿದ ಹಾಗೆ. ಮನೆಯಲ್ಲಿ ಕೇಳಿ ಬರುತ್ತೇನೆಂದು ಹೇಳಿ ಎದ್ದುಬಂದೆ.

ನಮ್ಮ ಬೀದಿಯ ತುದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನೊಬ್ಬನಿದ್ದ. ನನಗಿಂತ ಚಿಕ್ಕವನು, ನನ್ನನ್ನು ಬಾಯಿತುಂಬ ಅಕ್ಕ ಅನ್ನುತ್ತಿದ್ದ. ತನ್ನ ಕಾರನ್ನು ಗೊತ್ತಿದ್ದವರಿಗೆ ಬಾಡಿಗೆಗೆ ಕೊಡುತ್ತಾನೆಂದು ಬೀದಿಗೆಲ್ಲ ತಿಳಿದಿತ್ತು. ಅವನದು ಮನೆ ಬಳಕೆಯ ಕಾರು, ಬಿಳಿ ಬೋರ್ಡು. ನೋಡಿದ ಕೂಡಲೇ ಇದೇ ಬೇಕು ಅನ್ನಿಸಿತು.

"ಇನ್ಶೂರೆನ್ಸ್ ಐತಾ?" ಅಂತ ಕೇಳಿದೆ, ದೊಡ್ಡ ತಿಳಿದವಳ ಹಾಗೆ.

"ಫುಲ್ ಐತಕ್ಕ. ಏಮೀ ಭಯಂ ಲೇದು" ಅಂದ. ಏನೂ ಭಯವಿಲ್ಲ. ನನಗೆ ಬೇಕಿದ್ದ ಆ ಒಂದೇ ಮಾತು. ಕೀ ಕೈಗಿಡುವಾಗ, "ದಾರೀಲಿ ಯಾರಾನ ಕೇಳಿದ್ರೆ ಬಾಡಿಗೆ ಅನ್ಬೇಡಕ್ಕ. ನಮ್ ತಮ್ಮನ ಕಾರು ಅನ್ನು" ಅಂತಲೂ ಸೇರಿಸಿದ. ಯಾಕಪ್ಪ ಅಂತ ನಾನು ಕೇಳಲಿಲ್ಲ. ಬಾಡಿಗೆ ಅನ್ನಬಾರದೆಂಬುದೇ ನನ್ನ ಆಸೆಯೂ ಆಗಿತ್ತಲ್ಲ, ಹಾಗಾಗಿ ಅವನು ನನ್ನ ಮಾನ ಕಾಯುತ್ತಿದ್ದಾನೆಂದೇ ತಿಳಿದೆ.

ರೊದ್ದಂ ದಾಟಿ ಹೋಗುವಷ್ಟರಲ್ಲಿ ಕಾರು ನನ್ನದೇ ಅನ್ನಿಸತೊಡಗಿತ್ತು. ಹಿಂದಿನ ಸೀಟಿನಲ್ಲಿ ಹಣ್ಣು, ಹೂವು, ಸೀರೆ, ಸಕ್ಕರೆಯ ತಟ್ಟೆಗಳು. ಕಲ್ಯಾಣದುರ್ಗದಲ್ಲಿ ಅವರ ಮನೆಯ ಮುಂದೆ ಬೇಕೆಂದೇ ಎರಡು ಸಲ ಹಾರನ್ ಹೊಡೆದೆ. ತಂಗಿ ಓಡಿಬಂದಳು. ಅವಳ ಹಿಂದೆ ಅವಳ ಅತ್ತೆ ಬಂದರು. ನಾನು ಅವರನ್ನು ಅತ್ತಮ್ಮ ಅಂತಲೇ ಕರೆಯುವುದು.

"ಯಾರ ಕಾರಮ್ಮ?" ಅಂದರು.

ದಾರಿಯುದ್ದಕ್ಕೂ ತಮ್ಮನ ಕಾರು ಅನ್ನುವ ಮಾತನ್ನು ಬಾಯಲ್ಲಿಟ್ಟುಕೊಂಡೇ ಬಂದಿದ್ದೆ. ಆದರೆ ಆ ಮನೆಯಲ್ಲಿ ತಮ್ಮ ಅನ್ನುವ ಹಾಗಿಲ್ಲ. ನಮ್ಮ ಮನೆಯಲ್ಲಿ ಗಂಡುಮಕ್ಕಳಿಲ್ಲ ಅನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾಲಿಗೆ ತಾನಾಗಿಯೇ ಹೊರಳಿತು. "ನಮ್ದೇ ಅತ್ತಮ್ಮ. ಮೊನ್ನೆ ತಗಂಡ್ವಿ."

ಅವರು ಕಾರನ್ನು ಒಂದು ಸುತ್ತು ಹಾಕಿದರು. ಹಿಂದಿನ ಗಾಜಿನ ಮೇಲೆ ಎರಡು ಮಕ್ಕಳ ಹೆಸರು ದಪ್ಪಕ್ಷರದಲ್ಲಿ ಅಂಟಿಸಿತ್ತು, ಅಂಗಡಿಯವನ ಮಕ್ಕಳದು. ಅದನ್ನು ಅವರು ಬೆರಳಿಟ್ಟು ಓದಿದರು.

"ಸೆಕೆಂಡ್ ಹ್ಯಾಂಡ್ ಅತ್ತಮ್ಮ. ಇನ್ನಾ ಕೆರೆದು ತೆಗ್ದಿಲ್ಲ" ಅಂದೆ.

"ಹೌದಾ. ಒಳ್ಳೇದಾಯ್ತು ಬಿಡಮ್ಮ" ಅಂದವರು ಒಳಗೆ ಹೋಗಿ ತಟ್ಟೆಯಲ್ಲಿ ಅರಿಶಿನ, ಕುಂಕುಮ, ನಿಂಬೆಹಣ್ಣು ತಂದರು. ಕಾರಿನ ಮುಂಭಾಗಕ್ಕೆ ಮೂರು ಬೆರಳಲ್ಲಿ ಅರಿಶಿನ ಬಳಿದು, ನಡುವೆ ದೊಡ್ಡ ಕುಂಕುಮ ಇಟ್ಟರು. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, "ಹತ್ಸಮ್ಮ ಮೇಲೆ" ಅಂದರು. ದೃಷ್ಟಿ ತೆಗೆದರು. ಬೀಗರ ಕಡೆಯ ಹೆಂಗಸರು ನೋಡುತ್ತಾ ನಿಂತಿದ್ದರು. ತಂಗಿಯ ಮುಖದಲ್ಲಿ ಆ ಹೊತ್ತು ಕಂಡ ಬೆಳಕನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಅದನ್ನು ನೋಡಿ ನನಗೆ ಸಂತೋಷವಾಯಿತೆಂದರೆ ಅರ್ಧ ನಿಜ. ನಮ್ಮ ಬೀದಿಯವನ ಕಾರಿಗೆ ಒಬ್ಬ ಹಿರಿಯ ಹೆಂಗಸಿನ ಕೈಯಲ್ಲಿ ಪೂಜೆ ಮಾಡಿಸಿಕೊಂಡು ಕೂತಿದ್ದೆ ನಾನು.

ನಿಶ್ಚಿತಾರ್ಥ ಚೆನ್ನಾಗಿಯೇ ಆಯಿತು. ಊಟ ಮುಗಿಸಿ, ಬಿಸಿಲು ಇರುವಾಗಲೇ ಹೊರಟೆ.

ಊರು ದಾಟಿ ಸ್ವಲ್ಪ ದೂರ ಹೋಗಿದ್ದೆ, ಅಷ್ಟೇ. ರಸ್ತೆಯ ಮೇಲೆ ಹುರುಳಿ ಗಿಡ ಹರಡಿದ್ದರು. ನಮ್ಮ ಕಡೆ ಅದು ಹೊಸದಲ್ಲ. ಕಣ ಮಾಡಿ ಬಡಿಯುವ ಬದಲು ಬಳ್ಳಿ ಸಮೇತ ಡಾಂಬರಿನ ಮೇಲೆ ಹಾಸಿದರೆ ಬಸ್ಸು, ಲಾರಿ, ಜೀಪು ಓಡಾಡಿ ಕಾಳು ಬಿಡಿಸಿಕೊಡುತ್ತವೆ. ಬಸ್ಸಿನಲ್ಲಿ ಕೂತು ಎಷ್ಟು ಸಲ ಅದರ ಮೇಲೆ ಹೋಗಿಲ್ಲ! ಆದರೆ ಬಸ್ಸು ಎತ್ತರ, ಕಾರು ತಗ್ಗು, ಅನ್ನುವುದು ನನಗೆ ಹೊಳೆಯಲಿಲ್ಲ. ನಾನು ಅದರ ಮೇಲೆಯೇ ಹೋದೆ. ಕೆಳಗೆ ಪರಪರ ಸದ್ದು. ಬಳ್ಳಿ ಕಾರಿನಡಿ ಸುತ್ತಿಕೊಳ್ಳುತ್ತಿರುವುದು ತಿಳಿಯದೆ ಇನ್ನಷ್ಟು ದೂರ ಓಡಿಸಿದೆ. ಎದುರಿಗೆ ಬೈಕಿನಲ್ಲಿ ಬಂದವನೊಬ್ಬ, "ಪೊಗ! ಅಮ್ಮಾ, ಪೊಗ!" ಅಂತ ಕೂಗಿ ಕೈ ಬೀಸಿದ. ಹೊಗೆ. ನಿಲ್ಲಿಸಿ ಇಳಿಯುವಷ್ಟರಲ್ಲಿ ಕೆಳಗಿನಿಂದ ಬೆಂಕಿಯ ನಾಲಿಗೆ ಕಾಣಿಸಿತು. ಹುರುಳಿ ಹರಡಿದ್ದ ಹೆಂಗಸರೇ ಓಡಿಬಂದು ಮಣ್ಣು ಎರಚಿದರು, ಕುಡಿಯಲು ತಂದಿದ್ದ ಬಿಂದಿಗೆ ನೀರು ಸುರಿದರು. ಆರಿತು. ಮುಂಭಾಗದ ಕೆಳಗೆಲ್ಲ ಸುಟ್ಟು, ವಯರುಗಳು ಕರಗಿ, ಬಂಪರ್ ಜೋತುಬಿದ್ದಿತ್ತು. ಮೇಲಿನ ಅರಿಶಿನ ಕುಂಕುಮ ಮಾತ್ರ ಹಾಗೇ ಇತ್ತು.

ತಂಗಿಯ ಗಂಡ ಟ್ರ್ಯಾಕ್ಟರ್ ತಂದು ಕಾರನ್ನು ಎಳೆದುಕೊಂಡು ಹೋಗಿ ಅವರ ಅಂಗಳದಲ್ಲೇ ನಿಲ್ಲಿಸಿದರು. "ನಿನ್ಗೇನೂ ಆಗ್ಲಿಲ್ಲವಲ್ಲ, ಅಷ್ಟು ಸಾಕು ಕಣಮ್ಮ" ಅಂದರು ಅತ್ತಮ್ಮ. "ಮೊನ್ನೆ ತಗಂಡಿದ್ದಲ್ವಾ, ಇನ್ಶೂರೆನ್ಸ್ ಇರ್ತದೆ. ಯಾಕೆ ಅಳ್ತೀಯ?" ಇನ್ಶೂರೆನ್ಸ್ ಇದೆ ಅನ್ನುವುದೊಂದೇ ನನಗೂ ಆಸರೆ. ಫುಲ್ ಐತಕ್ಕ. ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಅಲ್ಲೇ ಉಳಿದೆ.

ಅಂಗಡಿಯವನಿಗೆ ಫೋನ್ ಮಾಡಿದ್ದೆ. ಅವನು ಕಂಪನಿಗೆ ತಿಳಿಸಿ, ನಷ್ಟ ನೋಡಲು ಅವರ ಸರ್ವೇಯರ್ ಬರುವ ದಿನ ಬೆಳಗ್ಗೆಯೇ ಬಸ್ಸಿನಲ್ಲಿ ಬಂದಿಳಿದ. ಕಾರನ್ನು ಸುತ್ತಿ ನೋಡಿದ. ಹಿಂದಿನ ಗಾಜಿನ ಮೇಲಿದ್ದ ತನ್ನ ಮಕ್ಕಳ ಹೆಸರಿನ ಧೂಳನ್ನು ಅಂಗೈಯಿಂದ ಒರೆಸಿದ. ಆಮೇಲೆ ನನ್ನನ್ನು ನೀರಿನ ತೊಟ್ಟಿಯ ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಹೇಳಿದ.

"ಅಕ್ಕ, ಬಾಡಿಗೆ ಅಂತ ಬಾಯಿ ಬಿಟ್ರೆ ಎಲ್ಲಾ ಅಯಿಪೋತುಂದಿ. ಮುಗ್ದೋಯ್ತು. ವೈಟ್ ಬೋರ್ಡ್ ಗಾಡಿ ಬಾಡಿಗೆಗೆ ಕೊಡಂಗಿಲ್ಲ. ತಮ್ಮ ಸುಮ್ಕೆ ಕೊಟ್ಟಿದ್ದ ಅನ್ನು."

"ಫುಲ್ ಅಂದ್ಯಲ್ಲಪ್ಪ?"

"ಫುಲ್ಲೇ ಅಕ್ಕ. ಮನೇರು ಓಡ್ಸಿದ್ರೆ ಫುಲ್ಲು."

ಅವನ ಮೇಲೆ ರೇಗಬೇಕೆಂದು ಬಾಯಿ ತೆರೆದೆ. ಆದರೆ ಅವನು ಕೊಟ್ಟ ಮಾತನ್ನು ಯಾಕೆ ಅಂತ ಕೇಳದೆ ಕಿಸೆಗೆ ಹಾಕಿಕೊಂಡವಳು ನಾನೇ ಅಲ್ಲವೇ? ಅವನಿಗೆ ಅಂಗಡಿ ಬಿಟ್ಟರೆ ಇದ್ದದ್ದು ಆ ಕಾರು. ಸರಿ ಅಂದೆ. ತಂಗಿಗೂ ಅತ್ತಮ್ಮನಿಗೂ ಮೊದಲೇ ಕೂತು ಹೇಳಿಬಿಡಬಹುದಿತ್ತು. ಹೇಳಲು ಮುಖವಿರಲಿಲ್ಲ. ಸರ್ವೇಯರನ್ನು ಹೇಗಾದರೂ ಹೊರಗೇ ಮಾತಾಡಿಸಿ ಕಳಿಸಿಬಿಡೋಣ ಅಂದುಕೊಂಡೆ.

ಆತ ಬಂದವನೇ ಸೀದಾ ಅಂಗಳಕ್ಕೆ ನಡೆದ. ಜಗುಲಿಯ ಮೇಲೆ ಅತ್ತಮ್ಮ ಕಡಲೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ತಂಗಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಸರ್ವೇಯರ್ ಕಾರಿನಡಿ ಬಗ್ಗಿ ನೋಡಿ, ಫೋಟೋ ಹಿಡಿದು, ಅರಿಶಿನ ಕುಂಕುಮವನ್ನು ಸ್ವಲ್ಪ ಹೊತ್ತು ನೋಡಿದ. ಹೊಸ ಗಾಡಿಗೆ ಪೂಜೆ ಮಾಡಿದ ಹಾಗಿದೆಯಲ್ಲ ಅಂದು ನಕ್ಕ. ಆಮೇಲೆ ನನ್ನ ಕಡೆ ತಿರುಗಿ ತೆಲುಗಿನಲ್ಲಿ, ಓಡಿಸಿದ್ದು ನೀವಾ, ಓನರ್ ನಿಮಗೇನಾಗಬೇಕು ಅಂತ ಕೇಳಿದ.

"ತಮ್ಮ" ಅಂದೆ.

ಜಗುಲಿಯ ಮೇಲೆ ಕಡಲೆಕಾಯಿ ಒಡೆಯುವ ಸದ್ದು ನಿಂತಿತು. ನಾನು ಆ ಕಡೆ ನೋಡಲಿಲ್ಲ.

"ಸೊಂತ ತಮ್ಮುಡಾ?"

"ಹೂಂ ಸಾರ್. ಸ್ವಂತ."

ನಮ್ಮ ಕಡೆ ಅಕ್ಕ, ಅಣ್ಣ, ತಮ್ಮ ಅನ್ನುವುದು ಯಾರಿಗೆ ಯಾರಾದರೂ ಅನ್ನುವ ಮಾತು. ಬಸ್ಸಿನ ಕಂಡಕ್ಟರನೂ ಅಣ್ಣ, ತರಕಾರಿಯವಳೂ ಅಕ್ಕ. ಇದು ಆತನಿಗೂ ಗೊತ್ತಿರಬೇಕು. ಆತ ನನ್ನನ್ನು ಬಿಟ್ಟು ತಂಗಿಯ ಕಡೆ ತಿರುಗಿದ. ಮುಖ ನೋಡಿದರೆ ನಾವಿಬ್ಬರೂ ಅಕ್ಕತಂಗಿಯರೆಂದು ಯಾರಾದರೂ ಹೇಳಬಹುದು. "ಅಯಿತೇ ಮೀಕು ಅನ್ನನಾ, ತಮ್ಮುಡಾ?" ಹಾಗಾದರೆ ನಿಮಗೆ ಅಣ್ಣನೋ ತಮ್ಮನೋ ಅಂತ.

ತಂಗಿ ಅಂಗಡಿಯವನನ್ನು ಕಂಡಿದ್ದೇ ಅವತ್ತು ಬೆಳಗ್ಗೆ. ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಅವಳಿಗೆ ಎಲ್ಲವೂ ಗೊತ್ತಾಗಿಹೋಗಿತ್ತು. ಕಾರು, ಪೂಜೆ, ನನ್ನ ಜಂಬ, ಎಲ್ಲವೂ. ತಲೆ ತಗ್ಗಿಸಿ, "ಅಣ್ಣ" ಅಂದಳು.

ಅದೇ ಹೊತ್ತಿಗೆ ಅಂಗಡಿಯವನೂ ಸಹಾಯ ಮಾಡಲು ಹೋಗಿ, "ನಮ್ ಚಿಕ್ಕಕ್ಕ ಸಾರ್" ಅಂದುಬಿಟ್ಟ.

ಅಣ್ಣ ಮತ್ತು ಚಿಕ್ಕಕ್ಕ. ಎರಡೂ ಮಾತು ಅಂಗಳದ ನಡುವೆ ಡಿಕ್ಕಿ ಹೊಡೆದು ಬಿದ್ದವು. ಸರ್ವೇಯರ್ ಬರೆಯುವುದನ್ನು ನಿಲ್ಲಿಸಿದ. ತಂಗಿಯ ಕೈಯಲ್ಲಿದ್ದ ಕಾಫಿ ತುಳುಕಿ ಅವಳ ಸೀರೆಯ ಮೇಲೆ ಬಿತ್ತು. ಆ ಮನೆಯಲ್ಲಿ ಇಷ್ಟು ವರ್ಷ ಬಾಳಿದವಳು, ಅತ್ತೆಯ ಕಣ್ಣೆದುರು ಮೊದಲ ಸಲ ಸುಳ್ಳು ಹೇಳಿ ಸಿಕ್ಕಿಬಿದ್ದು ನಿಂತಿದ್ದಳು. ಅವಳ ತಲೆ ಎತ್ತಿಸಲೆಂದು ಕಾರು ತಂದವಳು ನಾನು.

ಆತ ಜಗುಲಿಯ ಕಡೆ ನಡೆದ. "ಪೆದ್ದಮ್ಮಾ, ದೊಡ್ಡೋರು ನೀವು. ನೀವೇ ಹೇಳಿ. ಈ ಅಕ್ಕತಂಗೇರಿಗೆ ಇವ್ನು ಏನಾಗ್ಬೇಕು?"

ಅತ್ತಮ್ಮ ನನ್ನನ್ನು ನೋಡಲಿಲ್ಲ. ಸೊಸೆಯ ಮುಖ ನೋಡಿದರು. ಅಪ್ಪನಿಗೆ ಕೊಳ್ಳಿ ಇಡಲು ಮಗನನ್ನು ಮುಂದೆ ಬಿಟ್ಟವರು ಅವರು. ಅವರ ತುಟಿ ಅಲುಗಿತು.

"ಬಾಡಿಗೆ ಸಾರ್" ಅಂದೆ ನಾನು. "ಬಾಡಿಗೆಗೆ ತಂದಿದ್ದು. ನಮಗೆ ಅಣ್ಣತಮ್ಮ ಯಾರೂ ಇಲ್ಲ."

ಆತ ಬೈಯಲಿಲ್ಲ. ಬೈದಿದ್ದರೆ ತಿರುಗಿ ಜಗಳವಾಡಿ ನನ್ನ ಸಂಕಟವನ್ನು ಅಷ್ಟಾದರೂ ಇಳಿಸಿಕೊಳ್ಳುತ್ತಿದ್ದೆ. ಮನೆ ಬಳಕೆಗೆ ಅಂತ ಮಾಡಿಸಿದ ಪಾಲಿಸಿ ಇದು, ಬಾಡಿಗೆಗೆ ಓಡಿಸಿದ್ದಾರೆಂದು ಬರೆದ ಮೇಲೆ ಕಂಪನಿ ಕೊಡುವುದಿಲ್ಲ ಅಂತ ಮೆಲ್ಲಗೆ ಹೇಳಿದ. ಹೋಗುವ ಮೊದಲು ಕಾರಿನ ನಂಬರ್ ಬೋರ್ಡನ್ನು ಪೆನ್ನಿನಿಂದ ತಟ್ಟಿ, "ಇದು ಕಪ್ಪು ಬೋರ್ಡೋ ಹಳದಿ ಬೋರ್ಡೋ ಆಗಿದ್ದಿದ್ರೆ ಸುಮಾರೆಲ್ಲ ಬರ್ತಿತ್ತು ಕಣಮ್ಮ" ಅಂದ. ಯಾವ ಬಣ್ಣ ನೋಡಿ ನಾನು ಮೂಗು ಮುರಿದಿದ್ದೆನೋ ಅದೇ ಬಣ್ಣ.

ಅಂಗಡಿಯವನು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದ. "ರಿಪೇರಿ ನಾನು ಮಾಡಿಸ್ತೀನಪ್ಪ" ಅಂದೆ. ಮುಂದೆ ಹೇಗೋ ಮಾಡಿಸಿಯೂ ಕೊಟ್ಟೆ. ಆದರೆ ಆ ಹೊತ್ತಿನಲ್ಲಿ ಅವನು ತಲೆಯೆತ್ತದೆ, "ಸರಿ ಮೇಡಂ" ಅಂದ. ಅಲ್ಲಿಯ ತನಕ ಅವನ ಬಾಯಲ್ಲಿ ಒಂದು ಸಲವೂ ಮೇಡಂ ಬಂದಿರಲಿಲ್ಲ.

ನನ್ನ ಚೀಲ ತರಲು ಒಳಗೆ ಹೋದೆ. ಅತ್ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕಾಲು ಹಿಡಿಯಲು ಬಗ್ಗಿದೆ. ಅವರು ತೋಳು ಹಿಡಿದು ನಿಲ್ಲಿಸಿದರು.

"ಅಣ್ಣ ಅಂತ್ಲೇ ಹೇಳ್ತಿದ್ದೆ ಕಣಮ್ಮ" ಅಂದರು. "ನಮ್ ಸೊಸೆ ಬಾಯಾಗೆ ಬಂದ್ಮೇಲೆ ನಾನಿನ್ನೇನು ಹೇಳ್ಳಿ? ಗಾಜಿನ್ ಮೇಲಿನ ಹೆಸ್ರು ನೋಡ್ದಾಗ್ಲೇ ನಂಗೆ ಗೊತ್ತಾಗಿತ್ತು."

"ಗೊತ್ತಾಗಿದ್ದೂ ಪೂಜೆ ಮಾಡಿದ್ರಾ ಅತ್ತಮ್ಮ?"

"ಯಾರ ಕಾರಾದ್ರೇನು, ಕೂತ್ಕಂಡು ಹೋಗೋಳು ನೀನಲ್ವಾ?"

ಭೂಮಿ ಬಾಯಿ ಬಿಡಬಾರದೇ ಅಂತ ಬೇರೆಯವರು ಹೇಳಿದಾಗ ನಕ್ಕಿದ್ದೆ. ಅವತ್ತು ಆ ನೆಲವನ್ನೇ ನೋಡುತ್ತಾ ನಿಂತಿದ್ದೆ.

ತಂಗಿ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬಂದಳು. ಸೀರೆಯ ಮೇಲಿನ ಕಾಫಿ ಕಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಅವಳು ಕೆಳಗೆ ನಿಂತು ಕಿಟಕಿಯ ಸರಳು ಹಿಡಿದಳು.

"ಯಾಕಕ್ಕ ಹಿಂಗ್ ಮಾಡ್ದೆ?" ಅಂದಳು. "ನಾನು ಯಾವತ್ತಾನ ಕಾರಲ್ಲಿ ಬಾ ಅಂದಿದ್ನಾ?"

"ನಿಮ್ಮತ್ತೆ ಕೇಳಿದ್ರಲ್ಲೇ, ಬಸ್ಸಲ್ಲೇ ಬತ್ತಾಳಾ ಅಂತ."

ಅವಳು ನನ್ನನ್ನು ಅರ್ಥವಾಗದವಳ ಹಾಗೆ ನೋಡಿದಳು. "ಬಸ್ಸಲ್ಲೇ ಬಂದ್ರೆ ಅಷ್ಟೊಂದು ತಟ್ಟೆ ಹೊತ್ಕಂಡು ಹೆಂಗೆ ನಡೀತಾಳೆ, ಸ್ಟ್ಯಾಂಡಿಗೆ ಗಾಡಿ ಕಳ್ಸಾನ ಅಂತ ಕೇಳಿದ್ದಕ್ಕ ಅವ್ರು. ಹೇಳೋಕ್ ಮುಂಚೆ ನೀನು ಫೋನ್ ಇಟ್ಬುಟ್ಟೆ."

ಬಸ್ಸು ಹೊರಟಿತು. ಅವಳ ಕೈ ಸರಳಿನಿಂದ ಜಾರಿತು. ಹುರುಳಿ ಹಾಸಿದ್ದ ಜಾಗ ಬಂದಾಗ ಬಸ್ಸು ಅದರ ಮೇಲೆ ಸಲೀಸಾಗಿ ಹೋಯಿತು. ಕಂಡಕ್ಟರ್ ಬಂದು "ಎಕ್ಕಡಿಕಕ್ಕಾ?" ಅಂತ ಕೇಳಿದ, ಎಲ್ಲಿಗೆ ಅಂತ. ಅಕ್ಕ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಹಿಂದೂಪುರ ಅನ್ನಲು ಎರಡು ಸಲ ಬಾಯಿ ತೆರೆಯಬೇಕಾಯಿತು.